ಬೆವರದ ಹುಡುಗಿ

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೋಚಮ್ಮ ಮಗಳ ಬ್ಯಾಗನ್ನು ತಲೆಕೆಳಗು ಮಾಡಿ ಸುರಿದಳು. ಚಾಕೊಲೇಟೋ ಬಿಸ್ಕತ್ತೋ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಅವಳಿಗೆ. ಬಾಕ್ಸಿಂಗ್ ಆಯ್ಕೆಗೆ ಇನ್ನೊಂದೇ ತಿಂಗಳು, ಹುಡುಗಿಯ ತೂಕ ತನ್ನ ವರ್ಗದ ಮಿತಿ ದಾಟಿ ಕೂತಿದೆ, ಇಳಿಯುವ ಲಕ್ಷಣವೇ ಇಲ್ಲ. ಅದು ಅಂತಿಂಥ ವರ್ಗವೂ ಅಲ್ಲ, ಕೋಚಮ್ಮ ತಾನೇ ಒಂದು ಕಾಲದಲ್ಲಿ ಚಾಂಪಿಯನ್ ಆಗಿ ಮೆರೆದದ್ದು.

"ಎಲ್ಲಿ ಬಚ್ಚಿಟ್ಟಿದ್ದೀಯ?"

"ಏನನ್ನಮ್ಮ?"

"ಕದ್ದು ತಿನ್ನೋದನ್ನ! ಗಾಳಿ ಕುಡಿದು ಯಾರಾದ್ರೂ ದಪ್ಪ ಆಗ್ತಾರೇನೇ?"

ಅತ್ತೂ ಅತ್ತೂ ಮಗಳಿಗೆ ಸಾಕಾಗಿತ್ತು. ಬೆಳಗ್ಗೆ ಅರ್ಧ ಸೇಬು, ರಾತ್ರಿ ಸಪ್ಪೆ ಸೂಪು, ನಡುವೆ ಪ್ಲಾಸ್ಟಿಕ್ ಕೋಟು ತೊಟ್ಟು ಓಟ. ಬೆವರು ಹರಿಸಿ ತೂಕ ಇಳಿಸಲು ಬಾಕ್ಸರುಗಳು ಹಿಂದಿನಿಂದಲೂ ಮಾಡಿಕೊಂಡು ಬಂದ ಉಪಾಯ ಅದು. ಜೊತೆಯವರೆಲ್ಲ ತೊಯ್ದು ತೊಪ್ಪೆಯಾಗಿ ವಾಪಸಾದರೆ ಇವಳ ಹಣೆ ಮಾತ್ರ ಒಣಗಿರುತ್ತಿತ್ತು. ಮೈಗಳ್ಳಿ, ಎಲ್ಲೋ ಮರೆಯಲ್ಲಿ ಕೂತು ಬರುತ್ತಾಳೆ ಎಂದು ಕೋಚಮ್ಮ ತೀರ್ಮಾನಿಸಿಬಿಟ್ಟಿದ್ದಳು. ಹೆತ್ತವಳೇ ಕೋಚೂ ಆಗಿಬಿಟ್ಟರೆ ಮಗಳ ಪಾಡು ದೇವರಿಗೇ ಪ್ರೀತಿ!

ಬ್ಯಾಗಿನಿಂದ ತಿಂಡಿಯ ಚೂರೂ ಬೀಳಲಿಲ್ಲ. ಬಿದ್ದದ್ದು ಎರಡು ಸ್ವೆಟರು, ದಪ್ಪ ಕಾಲುಚೀಲ, ಉಣ್ಣೆಯ ಟೋಪಿ, ಉದುರಿದ ಕೂದಲು ಮೆತ್ತಿಕೊಂಡ ಬಾಚಣಿಗೆ. ಹೊರಗೆ ನೆತ್ತಿ ಸುಡುವ ಬಿಸಿಲು.

"ಇದೇನೇ, ಈ ಸೆಕೆಯಲ್ಲಿ ಸ್ವೆಟರ್?"

"ಚಳಿ ಆಗುತ್ತಮ್ಮ. ಓಡುವಾಗಲೂ ಆಗುತ್ತೆ. ಕೋಟಿನ ಒಳಗೆ ಹಾಕ್ಕೋತೀನಿ."

"ಹೇಳೋದಕ್ಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೆಪ ಅಂತಿದ್ದೆ."

ಅನ್ನುತ್ತಿದ್ದಳು, ಸುಳ್ಳಲ್ಲ. ಕೋಚಮ್ಮ ಮಗಳ ಕೈ ಮುಟ್ಟಿ ನೋಡಿದಳು. ತಣ್ಣಗೆ ಕೊರೆಯುತ್ತಿತ್ತು. ಹಿಡಿದ ಕೈ ಬಿಡದೆ ಅವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದಳು.

ರಕ್ತಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಥೈರಾಯ್ಡ್ ಹಾರ್ಮೋನು ಸಾಲ್ತಾ ಇಲ್ಲ. ಮೈಯೊಳಗಿನ ಒಲೆ ಸಣ್ಣ ಉರಿಯಲ್ಲಿದೆ. ತಿಂದದ್ದು ಬೇಗ ಖರ್ಚಾಗಲ್ಲ, ಬೆವರೂ ಸರಿಯಾಗಿ ಬರಲ್ಲ, ನೀರು ಮೈಯಲ್ಲೇ ನಿಲ್ಲುತ್ತೆ. ಒಲೆ ನೋಡೋದು ಬಿಟ್ಟು, ನೀರು ಕಾಯಲಿಲ್ಲ ಅಂತ ನೀವು ಪಾತ್ರೆಗೆ ಬೈತಾ ಕೂತಿದ್ದೀರಿ."

"ಮಾತ್ರೆ ತಗೊಂಡ್ರೆ ತಿಂಗಳೊಳಗೆ ಇಳೀತಾಳಾ, ಡಾಕ್ಟ್ರೇ?"

"ಮಾತ್ರೆ ಅಂದ್ರೇನು ಮಾಯಾಜಾಲವಾ? ನಿಧಾನವಾಗಿ ಸರಿಹೋಗ್ತಾಳೆ, ಅದು ಖಂಡಿತ. ಹೃದಯ ಚೆನ್ನಾಗಿದೆ, ಆಡಲಿ. ಆದ್ರೆ ಹೊಟ್ಟೆ ಕಟ್ಟೋದು, ಆ ಪ್ಲಾಸ್ಟಿಕ್ ಕೋಟು, ಎರಡೂ ಇವತ್ತಿಗೇ ಬಂದ್."

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೋಚಮ್ಮ ಕೂತುಬಿಟ್ಟಳು. "ತಪ್ಪಾಯ್ತು ಕಣೇ. ಊರಿನ ಮಕ್ಕಳನ್ನೆಲ್ಲ ನಂಬಿದೆ, ನಿನ್ನನ್ನ ನಂಬಲಿಲ್ಲ."

ಮಗಳು ಪಕ್ಕದಲ್ಲಿ ಕೂತಳು. "ಹಾಗಾದ್ರೆ ಆಯ್ಕೆ?"

"ಮೇಲಿನ ವರ್ಗದಲ್ಲಿ ಆಡು. ನನ್ನ ವರ್ಗ ನನಗಿರಲಿ."

"ಅಯ್ಯೋ, ಅಲ್ಲಿರೋರೆಲ್ಲ ಆನೆ ಥರ ಇದಾರಮ್ಮ!"

"ಇರಲಿ ಬಿಡು. ಅವರಿಗೂ ಮೂಗು ಮುಖದ ಮಧ್ಯದಲ್ಲೇ ಇರೋದು."

ಮಗಳಿಗೆ ಫಕ್ಕನೆ ನಗು ಬಂತು. ಅವಳು ನಕ್ಕು ಎಷ್ಟು ದಿನವಾಗಿತ್ತೋ!

ಆಯ್ಕೆಯ ದಿನ ಎದುರಾಳಿ ನಿಜಕ್ಕೂ ಬಾಗಿಲಿನಷ್ಟು ಅಗಲವಿದ್ದಳು. ಹೊಟ್ಟೆ ತುಂಬ ಉಂಡು, ಮಾತ್ರೆ ತಪ್ಪಿಸದೆ ನುಂಗಿ ಬಂದ ಮಗಳ ಕೈಯಲ್ಲಿ ಕಸುವೇನೋ ಮರಳುತ್ತಿತ್ತು. ಆದರೆ ನಿಂತ ರೀತಿಯೇ ಸರಿಯಿರಲಿಲ್ಲ. ಹೆಗಲು ಕುಗ್ಗಿಸಿ, ಹೊಟ್ಟೆ ಒಳಗೆಳೆದುಕೊಂಡು, ಮೈಯನ್ನು ಯಾರ ಕಣ್ಣಿಗೂ ಕಾಣದಂತೆ ಬಚ್ಚಿಡುವವಳ ಹಾಗೆ ಹಗ್ಗದ ಮೂಲೆಗೇ ಸರಿಯುತ್ತಿದ್ದಳು. ಮೊದಲ ಸುತ್ತು ಎದುರಾಳಿಯ ಪಾಲಾಯಿತು.

ಏದುಸಿರು ಬಿಡುತ್ತ ಬಂದು ಸ್ಟೂಲಿನ ಮೇಲೆ ಕೂತ ಮಗಳ ಕುತ್ತಿಗೆಗೆ ಕೋಚಮ್ಮ ಒದ್ದೆ ಬಟ್ಟೆ ಒತ್ತಿದಳು. ಎಡಗೈ ಹೀಗಿಡು, ಕಾಲು ಹಾಗಿಡು ಎಂದು ನೂರೆಂಟು ಮಾತು ನಾಲಿಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿಕೊಂಡಳು.

ಎರಡನೇ ಸುತ್ತಿನ ಗಂಟೆ ಹೊಡೆಯಿತು. ಮಗಳ ಕುಗ್ಗಿದ ಹೆಗಲನ್ನು ಎರಡೂ ಕೈಯಿಂದ ಅಗಲಿಸಿ ಕೋಚಮ್ಮ ಹೇಳಿದಳು:

"ಹೋಗು ಮಗಳೇ. ಎಷ್ಟು ಜಾಗ ಬೇಕೋ ಅಷ್ಟೂ ತಗೋ."