ಕೆಂಪು ಸಾಲು

ಸುನಂದಾಗೆ ಬಸಲಿಂಗನ ಮೇಲೆ ಮೊದಲಿನಿಂದಲೂ ಗುಮಾನಿ. ಆಂಬುಲೆನ್ಸ್ ಕರೆಸುವ ಹೊಸ ವೆಬ್‌ಪುಟ ಬರೆದವಳು ಅವಳು. ಕೋರಿಕೆಗೆ ಗಾಡಿ ಹೊರಡಿಸಿ, ಪುಟಕ್ಕೆ ಉತ್ತರ ಕೊಡಬೇಕಾದ ಸರ್ವರ್ ಆಂಬುಲೆನ್ಸ್ ಕೇಂದ್ರದಲ್ಲಿದ್ದ ಅವನ ಕೈಯಲ್ಲಿತ್ತು. ಪರೀಕ್ಷೆಗೆಂದು ತನ್ನ ಮನೆಯ ವಿಳಾಸವನ್ನೇ ಹಾಕಿ ಗುಂಡಿ ಒತ್ತಿದರೆ, ಬ್ರೌಸರಿನಲ್ಲಿ ಕೆಂಪು ಸಾಲೊಂದು ಮೂಡಿತು: ‘ಬೇರೆ ಜಾಲವಿಳಾಸ (ಡೊಮೇನ್), ತಡೆಯಲಾಗಿದೆ.’ ಹಟಕ್ಕೆ ಬಿದ್ದು ಇನ್ನೆರಡು ಸಲ ಒತ್ತಿದಳು. ಮತ್ತೆ ಅದೇ ಕೆಂಪು. ಸಿಟ್ಟಿನಿಂದ ಅವನಿಗೆ ಫೋನ್ ಮಾಡಿದಳು.

“ನನ್ನ ಪುಟಾನ ಬೇಕಂತನ ಹೊರಗ ಇಟ್ಟೀರಿ, ಹೌದಿಲ್ಲೋ?”

“ಇಲ್ರೀ ಮೇಡಂ, ನಿಮ್ಮ ಪುಟದ ಡೊಮೇನ್ ಇನ್ನೂ ನಮ್ಮ ಒಪ್ಪಿಗಿ ಪಟ್ಟಿಗೆ ಸೇರಿಸಿಲ್ಲ, ಅಷ್ಟ. ಆಮ್ಯಾಲೆ ಮಾತಾಡೂಣ್ರಿ. ಎದಿನೋವಿನ ಕೇಸ್ ಬಂದೈತಿ, ಕಳಸಾಕ ಒಂದೂ ಗಾಡಿ ಇಲ್ಲ.”

“ನೆವ ಹೇಳಬ್ಯಾಡ್ರಿ. ಮೂರು ಸಲ ಒತ್ತೀನಿ, ಮೂರೂ ಸಲ ತಡದೀರಿ.”

ಆ ಕಡೆ ಅವನು ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು.

“ಒತ್ತಿದ್ದು ನೀವಾ?” ಅವನ ದನಿ ಉಡುಗಿತ್ತು. “ಬ್ರೌಸರ್ ತಡದದ್ದು ನಾವು ಕೊಟ್ಟ ಉತ್ತರಾನ ಅಷ್ಟರೀ. ನಿಮ್ಮ ಕೋರಿಕೆ ಮೂರೂ ಬಂದು ಮುಟ್ಯಾವ.”

ಬೀದಿಯಲ್ಲಿ ಸೈರನ್ ಕೇಳಿಸಿತು. ಕಿಟಕಿಯಿಂದ ಇಣುಕಿದರೆ, ಊರಿಗಿದ್ದ ಮೂರೂ ಆಂಬುಲೆನ್ಸುಗಳು ಒಂದರ ಹಿಂದೊಂದು ಅವಳ ಮನೆಯತ್ತಲೇ ತಿರುಗುತ್ತಿದ್ದವು.