ಲೈಲ್ ಹಾರ್ಡೆಸ್ಟಿಯ ಬ್ಲಾಗಿನ ಕತ್ತು ಹಿಸುಕಿದವರು

"ಇದು ಓಡೆಲ್ ಟ್ರಾಸ್ಕ್‌ದೇ ಕೆಲಸ!" ಲೈಲ್ ಹಾರ್ಡೆಸ್ಟಿ ಫೋನಿನಲ್ಲಿ ಕಿರುಚಿದ. "ನನ್ನ ಬ್ಲಾಗನ್ನ ಸಾಯಿಸೋಕೇ ಕೂತಿದಾನೆ ನನ್ಮಗ."

ಬ್ಲಾಗು ಏದುಸಿರು ಬಿಡುತ್ತಿದ್ದದ್ದು ನಿಜ. ಒಂದು ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಕ್ಯಾನ್ಸಾಸ್ ಸಿಟಿಯ ಬಾರ್ಬೆಕ್ಯೂ, ಅಂದರೆ ಹೊಗೆಯಲ್ಲಿ ಬೇಯಿಸಿದ ಮಾಂಸದ ಬಗ್ಗೆ ಕೊನೆಯ ಮಾತು ತನ್ನದೇ ಎಂದು ನಂಬಿದ್ದ ಪ್ರಾಣಿ ಈ ಲೈಲ್. ಹನ್ನೊಂದು ವರ್ಷದಿಂದ ಊರಿನ ಒಂದೊಂದೇ ಅಂಗಡಿಯ ಮಾನ ಕಳೆಯುತ್ತ ಬಂದಿದ್ದ. ತಾನು ಮಾತ್ರ ಒಂದು ಪಕ್ಕೆಲುಬನ್ನೂ ನೆಟ್ಟಗೆ ಬೇಯಿಸಿದವನಲ್ಲ.

ನದಿಯಾಚೆ ಅಂಗಡಿ ಇಟ್ಟಿದ್ದ ಓಡೆಲ್ ಬೇಯಿಸುವ ದನದ ಎದೆಮಾಂಸವನ್ನು ಕಳೆದ ತಿಂಗಳು "ನೆನೆಸಿದ ಬೂಟು" ಎಂದು ಬರೆದಿದ್ದ. ಜನ ಓದಲು ಮುಗಿಬಿದ್ದರು. ಲೈಲ್ ಉಬ್ಬಿಹೋದ. ಓದುಗರ ಸಂಖ್ಯೆ ಏರುವುದನ್ನು ಎಲ್ಲಿ ಕೂತರೂ ಕ್ಷಣಕ್ಷಣಕ್ಕೂ ನೋಡಬೇಕೆಂದು ಅಡಿಗೆಮನೆ, ಗ್ಯಾರೇಜು, ಮಲಗುವ ಕೋಣೆ, ಕೊನೆಗೆ ಬಚ್ಚಲಿನಲ್ಲೂ ಬ್ಲಾಗು ತೆರೆದಿಟ್ಟ ಒಂದೊಂದು ಕಂಪ್ಯೂಟರ್ ಪರದೆ ತೂಗುಹಾಕಿದ. ಅದೇ ವಾರ ಬ್ಲಾಗು ಕುಂಟತೊಡಗಿತು. ಓಡೆಲ್ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಹೇಳಲು ಜ್ಯೋತಿಷಿ ಬೇಕೆ?

ಫೋನಿನ ಆಚೆ ತುದಿಯಲ್ಲಿದ್ದವಳು ರೆನಾಟಾ ಕೊವಾಲ್. ಇಂಥ ಮಹಾಪುರುಷರ ಡೇಟಾಬೇಸು ತೊಳೆಯುವುದೇ ಅವಳ ಕಸುಬು.

"ಹೊಟ್ಟೆ ಉಬ್ಬಿ ಕೂತಿದೆ ನಿಮ್ಮ ಡೇಟಾಬೇಸು," ಎಂದಳು. "ಒಂದೊಂದು ಬರಹಕ್ಕೆ ಇನ್ನೂರು ಹಳೇ ಕರಡು, ಲಕ್ಷಗಟ್ಟಲೆ ಕಳ್ಳ ಕಾಮೆಂಟು. ಎಲ್ಲಾ ತೆಗೆದೆ. ಆದ್ರೆ ಮುಕ್ಕಾಲು ಪಾಲು ಭಾರ ಭೇಟಿಗಳ ಪಟ್ಟಿದು. ಯಾರು ಪುಟ ತೆರೆದ್ರೂ ಅಲ್ಲೊಂದು ಸಾಲು ಬೀಳುತ್ತೆ. ಒಂದೇ ಇಂಟರ್ನೆಟ್ ವಿಳಾಸದಿಂದ ಸೆಕೆಂಡಿಗೊಂದ್ಸಲ ಬಂದು ಬಡೀತಿದಾರೆ, ಬಿಡುವೇ ಇಲ್ಲದೆ."

"ನಾನ್ ಹೇಳ್ಲಿಲ್ವಾ? ಓಡೆಲ್!"

"ಯಾರದು ಅಂತ ಇನ್ನೂ ನೋಡ್ಬೇಕು."

"ನೋಡು. ಕಸ ಗುಡಿಸೋಳು ಕಸ ಗುಡಿಸ್ಬೇಕಮ್ಮಾ, ನ್ಯಾಯ ಹೇಳ್ಬಾರ್ದು."

ರೆನಾಟಾ ಫೋನಿಟ್ಟು ಪಟ್ಟಿ ತೆರೆದಳು.

ಅವತ್ತೇ ಲೈಲ್ ಬ್ಲಾಗಿನಲ್ಲಿ ಡಂಗುರ ಹೊಡೆದ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹೇಡಿಯ ಹೆಸರು ಇಲ್ಲೇ ಪ್ರಕಟವಾಗುತ್ತದೆ. ಅದು ಓಡೆಲ್ ಟ್ರಾಸ್ಕ್ ಅಲ್ಲದಿದ್ದರೆ ನಾನು ಬರೆಯುವುದನ್ನೇ ಬಿಡುತ್ತೇನೆ. ಇಡೀ ಊರು ಅದನ್ನು ಓದಿತು, ಹಂಚಿತು, ಬಾಜಿ ಕಟ್ಟಿತು. ಭಾನುವಾರದ ಬರಹವನ್ನೂ ಬರೆದಿಟ್ಟು, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ರೆನಾಟಾಳಿಗೆ ಒಪ್ಪಿಸಿದ. ಓಡೆಲ್‌ನ ಹೆಸರನ್ನು ತನ್ನ ಕೈಯಿಂದ ಬರೆಯುವುದೂ ಅವನಿಗೆ ಕೀಳೆನಿಸಿತ್ತು.

ಶನಿವಾರ ರೆನಾಟಾ ಫೋನು ಮಾಡಿದಳು. "ಲೈಲ್, ಆ ವಿಳಾಸ ಯಾರದು ಅಂತ ಸಿಕ್ತು. ಅನುಮಾನವೇ ಇಲ್ಲ. ಪ್ರಕಟಿಸೋ ಮುಂಚೆ ನೀವೊಂದ್ಸಲ ಕೇಳ್ಕೊಂಡ್ರೆ ಒಳ್ಳೇದು."

"ಯಾಕೆ, ಅವನ ಮೇಲೆ ಕನಿಕರ ಬಂತಾ?"

"ಸ್ವಲ್ಪ ಬಂತು."

"ಬರಬಾರ್ದು. ಅಂಥೋನಿಗೆ ನಾಚಿಕೆ ಅಂದ್ರೇನು ಅಂತ ಗೊತ್ತಾಗ್ಲಿ. ಸಿಕ್ಕಿದ್ದನ್ನ ಸಿಕ್ಕ ಹಾಗೇ ತುಂಬು. ಆ ವಿಳಾಸಕ್ಕೆ ಶಾಶ್ವತವಾಗಿ ಬಾಗಿಲು ಹಾಕು. ನನಗೆ ಮತ್ತೆ ಫೋನ್ ಮಾಡ್ಬೇಡ."

"ಅಂದ್ರೆ, ನೀವು ಹೇಳಿದ ಹಾಗೇ ಮಾಡ್ಲಾ?"

"ಅಕ್ಷರ ತಪ್ಪದೆ!"

ಭಾನುವಾರ ಲೈಲ್ ಅಂಗಿಗೆ ಇಸ್ತ್ರಿ ಹಾಕಿಕೊಂಡು ಅಡಿಗೆಮನೆಯ ಪರದೆಯ ಮುಂದೆ ಕೂತ. ಹನ್ನೆರಡು ಹೊಡೆಯಿತು. ಪರದೆ ಬೆಳ್ಳಗಾಗಿ, ನಡುವೆ ಒಂದೇ ಸಾಲು ಉಳಿಯಿತು: ನಿಮಗೆ ಪ್ರವೇಶವಿಲ್ಲ. ಗ್ಯಾರೇಜಿಗೆ ಓಡಿದ. ಅಲ್ಲೂ ಅದೇ. ಬಚ್ಚಲಲ್ಲೂ ಅದೇ.

ಅಷ್ಟರಲ್ಲಿ ಫೋನು ಬಂತು. ಓಡೆಲ್. ಹಿಂದೆ ಅಂಗಡಿ ತುಂಬ ಜನರ ಗದ್ದಲ.

"ಸಾಯಿಸೇಬಿಟ್ಯಲ್ಲೋ ನನ್ನ ಬ್ಲಾಗನ್ನ!" ಲೈಲ್ ಚೀರಿದ.

"ಎಲ್ಲಿ ಸತ್ತಿದೆ ಮಹರಾಯ? ಇಲ್ಲಿ ಕುದುರೆ ಹಾಗೆ ಓಡ್ತಿದೆ. ಅಂಗಡಿಗೆ ಅಂಗಡೀನೇ ಓದ್ತಾ ಕೂತಿದೀವಿ."

"ನಿನಗೆ ಹೇಗೆ ತೆರೀತು? ನಿನಗೆ ಬಾಗಿಲು ಹಾಕ್ಸಿದೀನಲ್ಲ!"

"ನನಗಲ್ಲ ಕಣೋ. ತಡಿ, ಓದ್ತೀನಿ ಕೇಳು," ಎಂದು ಓಡೆಲ್ ಗಂಟಲು ಸರಿಮಾಡಿಕೊಂಡ.

"'ಈ ಬ್ಲಾಗಿನ ಕತ್ತು ಹಿಸುಕಿದ ಹೇಡಿ: ಲೈಲ್ ಹಾರ್ಡೆಸ್ಟಿ, ತನ್ನದೇ ಮನೆಯ ನಾಲ್ಕು ಪರದೆಗಳಿಂದ.'"