ಓದಿ ಹೇಳುವ ನಿಯಮ

ಯುದ್ಧ ಹತ್ತಿಕೊಂಡಿದ್ದ ಆ ಪರದೇಶದ ಬಂದರಿನಲ್ಲಿ ಊರಿಗೆ ಮರಳುವವರ ಸಾಲು ಬೆಳೆದಿತ್ತು. ಹಡಗು ಗೊತ್ತುಮಾಡಿದ್ದ ಅಂತರರಾಷ್ಟ್ರೀಯ ಸಂಸ್ಥೆಯದು ಒಂದೇ ನಿಯಮ: ಪರಭಾಷೆಯಲ್ಲಿದ್ದ ಒಪ್ಪಿಗೆ ಪತ್ರವನ್ನು ಅವರವರ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ. ಕನ್ನಡದವರ ಮೇಜಿನಲ್ಲಿ ಹುಲಿಗೆಮ್ಮ ಕೂತಿದ್ದಳು.

ಎದುರು ಬಂದವನನ್ನು ನೋಡಿದೊಡನೆ ಗುರುತು ಹಿಡಿದಳು. ಒಂಬತ್ತು ವರ್ಷದ ಹಿಂದೆ ಆಸ್ಪತ್ರೆ ಕೆಲಸವೆಂದು ನಂಬಿಸಿ ಅವಳನ್ನು ಇಲ್ಲಿನ ಮನೆಯೊಂದಕ್ಕೆ ಮಾರಿದ್ದ ಏಜೆಂಟ್. "ಓದಿ ಏನ್ಮಾಡ್ತಿ ತಂಗಿ, ಸಹಿ ಹಾಕು" ಎಂದಿದ್ದ. ಅವಳನ್ನು ಬಿಡಿಸಿ ತಂದದ್ದು ಇದೇ ಸಂಸ್ಥೆ. ಅವನಿಗೆ ಅವಳ ನೆನಪೇ ಇರಲಿಲ್ಲ.

ಮೇಜಿನ ಮೇಲಿನ ಎರಡು ಕಟ್ಟುಗಳಲ್ಲಿ ತೆಳ್ಳಗಿನದರಿಂದ ಒಂದು ಪತ್ರ ಎಳೆದು ಮುಂದಿಟ್ಟಳು. "ಓದಿ ಹೇಳ್ತೀನ್ರಿ, ಕೇಳ್ರಿ."

"ಓದೋದೇನೂ ಬ್ಯಾಡ. ಎಲ್ಲಿ ಸಹಿ ಹಾಕ್ಲಿ?"

"ನಿಯಮ ಐತ್ರಿ. ಕೇಳಿದ್ರ ಚಲೋ."

"ಹಡಗು ಹೊಂಟೈತಿ, ಸುಮ್ನ ತೋರ್ಸು" ಎಂದು ಗದರಿದ.

ಅವಳು ತೋರಿಸಿದಳು. ಅವನು ಸಹಿ ಗೀಚಿ ಪತ್ರ ಹಿಡಿದು ಓಡಿದ.

ಹಡಗಿನ ಮೆಟ್ಟಿಲ ಬಳಿ ಪತ್ರ ನೋಡಿದವರು ಅವನನ್ನು ತಡೆದರು. ಹಡಗು ದಡ ಬಿಟ್ಟ ಮೇಲೆ ಅವನು ಏದುಸಿರು ಬಿಡುತ್ತ ಮೇಜಿಗೆ ಮರಳಿ ಬಂದ. "ಏನ್ ಬರ್ದೈತಿ ಇದ್ರಾಗ?"

ಹುಲಿಗೆಮ್ಮ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು: "ನಾನು ಊರಿಗೆ ಮರಳಲು ಒಪ್ಪುವುದಿಲ್ಲ. ಸ್ವಂತ ಇಚ್ಛೆಯಿಂದ ಇಲ್ಲೇ ಉಳಿಯುತ್ತೇನೆ."